ಯಂತ್ರಕ್ರೀಡೆಯಲ್ಲಿ ಆಹಾರ್ಯವೂ ಆಟವೂ

ವಿಡಿಯೋ ಗೇಮ್ ಎಂದು ಲೋಕರೂಢಿಯಲ್ಲಿ ಕರೆಯಲ್ಪಡುವ ಯಂತ್ರಕ್ರೀಡೆಗಳು ವ್ಯಾಪಾರದ ವಸ್ತುವಾಗಿ ಅರ್ಧ ಶತಮಾನವನ್ನು ದಾಟಿರುವುವು. 1972ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯವರು ‘ಪಾಂಗ್’ ಎಂಬ ಆಟವನ್ನು ಬಳಕೆಗೆ ತಂದಾಗ ತೆರೆಯ ಮೇಲೆ ಎರಡು ಬಿಳಿಯ ಗೆರೆ, ನಡುವೆ ಓಡಾಡುವ ಒಂದು ಚುಕ್ಕೆ, ಮೇಲೆ ಗೆಲವಿನ ಲೆಕ್ಕ, ಇಷ್ಟು ಮಾತ್ರ ಕಾಣುತ್ತಿದ್ದಿತು. ಇಂದು ಅದೇ ಜಾತಿಯ ತೆರೆಯ ಮೇಲೆ ಮಳೆಯಲ್ಲಿ ತೊಯ್ದ ಬೀದಿಯ ಕಲ್ಲಿನಲ್ಲಿ ದೀಪದ ಪ್ರತಿಬಿಂಬವು ನಡುಗುವುದನ್ನೂ, ಕುದುರೆಯ ಕೇಸರವು ಗಾಳಿಗೆ ಎಳೆಯೆಳೆಯಾಗಿ ಅಲುಗುವುದನ್ನೂ ಕಾಣಬಹುದಾಗಿದೆ. ಈ ಅಭಿವೃದ್ಧಿಯನ್ನು ಕಂಡು ಬೆರಗಾಗದವರಿಲ್ಲ. ಆದರೆ ಬೆರಗು ತಗ್ಗಿದ ಮೇಲೆ ಆಡುವವರಲ್ಲಿಯೇ ಒಂದು ದೂರು ಎದ್ದಿದೆ. ನಿರ್ಮಾತೃಗಳು ಚಿತ್ರದ ಕಾಂತಿಗೂ ಯಂತ್ರದ ಬಲಕ್ಕೂ ಕೊಡುವ ಲಕ್ಷ್ಯದಲ್ಲಿ ಅರ್ಧವನ್ನಾದರೂ ಆಟದ ಸ್ವಾರಸ್ಯಕ್ಕೆ ಕೊಡುತ್ತಿಲ್ಲವೆಂಬುದೇ ಆ ದೂರು. ಇದು ನಿಜವೇ, ನಿಜವಾದರೆ ಎಷ್ಟರಮಟ್ಟಿಗೆ, ಎಂಬುದನ್ನು ವಿಚಾರಿಸತಕ್ಕದ್ದಾಗಿದೆ.

ಇಂತಹ ಹುಡುಗಾಟದ ವಸ್ತುವಿಗೆ ವಿಮರ್ಶೆಯೇಕೆ ಎಂದು ವಾಚಕರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ಅಂತಹವರು ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ನೆನೆಯಬೇಕು. ಇಂದ್ರನೇ ಮೊದಲಾದ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ ಬೇಡಿದ್ದು ಕಾವ್ಯವನ್ನಲ್ಲ, ಶಾಸ್ತ್ರವನ್ನೂ ಅಲ್ಲ. ಕಣ್ಣಿಗೂ ಕಿವಿಗೂ ಒದಗುವಂತಹ ಒಂದು ಕ್ರೀಡನೀಯಕವನ್ನು, ಎಂದರೆ ಆಟದ ಸಾಮಗ್ರಿಯನ್ನು. ಆ ಬೇಡಿಕೆಯಿಂದ ನಾಟ್ಯವೇದವು ಹುಟ್ಟಿತೆಂದು ಮುನಿಯು ಹೇಳುತ್ತಾನೆ. ಆಟವೆಂಬ ಮಾತಿನಲ್ಲಿ ಹಗುರವನ್ನು ಕಾಣುವುದು ಈಚಿನವರ ಅಭ್ಯಾಸವೇ ಹೊರತು ಪ್ರಾಚೀನರದಲ್ಲ. ಅದಲ್ಲದೆ, ಈ ಯಂತ್ರಕ್ರೀಡೆಗಳು ಮನೆಮನೆಯ ಮಕ್ಕಳ ಸಂಜೆಗಳನ್ನು ನುಂಗುತ್ತಿರುವಾಗ, ಅವುಗಳಲ್ಲಿ ಒಳ್ಳೆಯದಾವುದು ಕೆಟ್ಟದಾವುದು ಎಂದು ವಿವೇಚಿಸದೆ ಎಲ್ಲವನ್ನೂ ಒಂದೇ ಮಾತಿನಿಂದ ಬಯ್ಯುವುದು ಹಿರಿಯರ ಸೋಮಾರಿತನವಲ್ಲದೆ ಬೇರೆಯಲ್ಲ.

ಭರತನ ಶಾಸ್ತ್ರವೇ ಇಲ್ಲಿ ಒಂದು ಅಳತೆಗೋಲನ್ನೂ ಕೊಡುತ್ತದೆ. ಅಭಿನಯವು ನಾಲ್ಕು ಬಗೆ: ಆಂಗಿಕ, ವಾಚಿಕ, ಸಾತ್ತ್ವಿಕ, ಆಹಾರ್ಯ. ಇವುಗಳಲ್ಲಿ ಆಹಾರ್ಯವೆಂದರೆ ಹೊರಗಿನಿಂದ ತಂದು ತೊಡಿಸತಕ್ಕದ್ದು. ವೇಷ, ಭೂಷಣ, ಬಣ್ಣ, ರಂಗಸಜ್ಜಿಕೆ ಮುಂತಾದುವು. ಭರತನು ಆಹಾರ್ಯವನ್ನು ಅಲಕ್ಷಿಸಲಿಲ್ಲ. ಅದಕ್ಕೆಂದು ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಆದರೆ ನಾಟ್ಯದ ಪ್ರತಿಷ್ಠೆಯು ಸತ್ತ್ವದಲ್ಲಿದೆಯೆಂಬ ಮಾತನ್ನು ಬಿಡಲಿಲ್ಲ. ಯಂತ್ರಕ್ರೀಡೆಯ ಚಿತ್ರವೈಭವವನ್ನು ಅದರ ಆಹಾರ್ಯವೆಂದು ತಿಳಿಯಬಹುದು. ಹಾಗಾದರೆ ಅದರ ಸತ್ತ್ವವಾವುದು? ಇಲ್ಲಿ ನಾಟಕಕ್ಕೂ ಈ ಕ್ರೀಡೆಗೂ ಒಂದು ಮುಖ್ಯವಾದ ಭೇದವನ್ನು ಗಮನಿಸಬೇಕಾಗಿದೆ. ನಾಟಕದಲ್ಲಿ ನಟನು ಬೇರೆ, ಪ್ರೇಕ್ಷಕನು ಬೇರೆ. ಈ ಕ್ರೀಡೆಯಲ್ಲಿಯಾದರೋ ನೋಡುವವನೇ ನಟನು. ಅವನು ಕಂಡುದಕ್ಕೆ ಕೈಯಿಂದ ಉತ್ತರ ಕೊಡುವನು. ಆ ಉತ್ತರಕ್ಕೆ ತೆರೆಯು ಮರುತ್ತರ ಕೊಡುವುದು. ಈ ಪ್ರಶ್ನೋತ್ತರವು ಎಡೆಬಿಡದೆ ನಡೆಯುವುದೇ ಆಟ. ಅದರಲ್ಲಿ ಹುಟ್ಟುವ ಸುಖವೇ ಅದರ ಸತ್ತ್ವ. ಚೌಕಾಬಾರದ ಮನೆಯನ್ನು ಸೀಮೆಸುಣ್ಣದಿಂದ ಜಗಲಿಯ ಮೇಲೆ ಬರೆದು ಹುಣಿಸೆಯ ಬೀಜಗಳನ್ನು ನಡೆಸಿದರೂ, ದಂತದ ಕಾಯಿಗಳನ್ನು ರೇಷ್ಮೆಯ ಹಾಸಿನ ಮೇಲೆ ನಡೆಸಿದರೂ, ಹಣ್ಣಾಗುವ ಹೊತ್ತಿಗೆ ಕಾಯಿಯು ಕಡಿಯಲ್ಪಟ್ಟಾಗ ಎದೆಯಲ್ಲಿ ಆಗುವ ಧಸಕ್ಕು ಒಂದೇ ಆಗಿರುವುದು.

ಇದಕ್ಕೆ ಯಂತ್ರಕ್ರೀಡೆಯ ಚರಿತ್ರೆಯಲ್ಲಿ ದೃಷ್ಟಾಂತವನ್ನು ಹುಡುಕುವವರಿಗೆ ‘ಟೆಟ್ರಿಸ್’ ಎಂಬ ಆಟದ ಹುಟ್ಟೇ ಸಾಕು. 1984ರಲ್ಲಿ ಮಾಸ್ಕೋ ನಗರದಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣನಕೇಂದ್ರದಲ್ಲಿ ಉದ್ಯೋಗಿಯಾಗಿದ್ದ ಅಲೆಕ್ಸೇ ಪಾಜಿತ್ನೋವ್ ಎಂಬಾತನು ಅದನ್ನು ರಚಿಸಿದನು. ಅವನ ಮುಂದಿದ್ದ ‘ಎಲೆಕ್ಟ್ರಾನಿಕಾ 60’ ಎಂಬ ಕಂಪ್ಯೂಟರಿಗೆ ಚಿತ್ರವನ್ನು ಬರೆಯುವ ಶಕ್ತಿಯೇ ಇರಲಿಲ್ಲ. ಅಕ್ಷರಗಳನ್ನೂ ಚಿಹ್ನೆಗಳನ್ನೂ ತೋರಿಸುವುದಷ್ಟೇ ಅದಕ್ಕೆ ಬಲ್ಲ ವಿದ್ಯೆ. ಪಾಜಿತ್ನೋವನು ಆವರಣಚಿಹ್ನೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಚೌಕಗಳನ್ನು ಮಾಡಿದನು. ನಾಲ್ಕು ನಾಲ್ಕು ಚೌಕಗಳು ಕೂಡಿದ ಏಳು ಆಕಾರಗಳು ಮೇಲಿನಿಂದ ಒಂದೊಂದಾಗಿ ಇಳಿಯುವುವು. ಆಡುವವನು ಅವುಗಳನ್ನು ತಿರುಗಿಸಿ ಸಂದಿಲ್ಲದಂತೆ ಹೊಂದಿಸಬೇಕು. ಒಂದು ಸಾಲು ತುಂಬಿದರೆ ಅದು ಮಾಯವಾಗುವುದು. ಇಷ್ಟೇ ಆಟ. ಇದರಲ್ಲಿ ಕಥೆಯಿಲ್ಲ, ನಾಯಕನಿಲ್ಲ, ಬಣ್ಣವೂ ಇರಲಿಲ್ಲ. ಆದರೆ ತಾನು ಸರಿಯಾಗಿ ಮಾಡಿದ ಕೆಲಸವು ಕಣ್ಮರೆಯಾಗಿ, ತಪ್ಪು ಮಾಡಿದ್ದು ಮಾತ್ರ ಕಣ್ಣ ಮುಂದೆ ರಾಶಿಯಾಗಿ ಬೆಳೆಯುವುದೆಂಬ ಈ ಆಟದ ಕಟ್ಟಳೆಯಲ್ಲಿ ಎಂತಹ ಮನೋಧರ್ಮವು ಅಡಗಿದೆಯೆಂಬುದನ್ನು ಸಂಸಾರವನ್ನು ನಡೆಸಿದವರು ಯಾರಾದರೂ ಬಲ್ಲರು. ಆ ಬಳಿಕ ಇದೇ ಆಟಕ್ಕೆ ಬಣ್ಣವನ್ನೂ ಸಂಗೀತವನ್ನೂ ಹಿನ್ನೆಲೆಯ ಚಿತ್ರಗಳನ್ನೂ ಎಷ್ಟೋ ಮಂದಿ ತೊಡಿಸಿದರು. ಆಟವು ಅದರಿಂದ ಕೆಡಲೂ ಇಲ್ಲ, ಹೆಚ್ಚಲೂ ಇಲ್ಲ.

ಟೆಟ್ರಿಸ್ ಲೋಕಕ್ಕೆಲ್ಲ ಹರಡಿದ್ದು ಜಪಾನಿನ ನಿಂಟೆಂಡೊ ಸಂಸ್ಥೆಯವರು 1989ರಲ್ಲಿ ಹೊರತಂದ ‘ಗೇಮ್ ಬಾಯ್’ ಎಂಬ ಕೈಯಂತ್ರದ ಮೂಲಕ. ಅದನ್ನು ಕಲ್ಪಿಸಿದ ಗುನ್ಪೇ ಯೊಕೊಯಿ ಎಂಬಾತನ ನೀತಿಯು ವಿಚಾರಯೋಗ್ಯವಾದದ್ದು. ಹೊಚ್ಚ ಹೊಸ ಯಂತ್ರವಿದ್ಯೆಯ ಹಿಂದೆ ಓಡುವುದಕ್ಕಿಂತ, ಹಳೆಯದಾಗಿ ಅಗ್ಗವಾಗಿರುವ ಭಾಗಗಳಿಗೆ ಹೊಸ ಉಪಯೋಗವನ್ನು ಯೋಚಿಸಿ ಹುಡುಕಬೇಕೆಂಬುದು ಅವನ ಮತ. ಅದರಂತೆ ಗೇಮ್ ಬಾಯ್ ಯಂತ್ರದ ತೆರೆಯು ಪಾಚಿಯ ಬಣ್ಣದ್ದು. ನಾಲ್ಕು ಛಾಯೆಗಳಿಗಿಂತ ಹೆಚ್ಚನ್ನು ಅದು ತೋರಿಸಲಾರದು. ಮರುವರ್ಷವೇ ಸೇಗಾ ಸಂಸ್ಥೆಯವರು ‘ಗೇಮ್ ಗೇರ್’ ಎಂಬ ಯಂತ್ರವನ್ನು ತಂದರು. ಅದರ ತೆರೆಯು ಬಣ್ಣಬಣ್ಣದ್ದು, ಒಳಗಿನಿಂದ ಬೆಳಗುವಂತಹುದು. ಆದರೆ ಅದು ಆರು ಬ್ಯಾಟರಿಗಳನ್ನು ಮೂರರಿಂದ ಐದು ಗಂಟೆಗಳಲ್ಲಿ ತಿಂದು ಮುಗಿಸುತ್ತಿತ್ತು; ಪಾಚಿಬಣ್ಣದ ಯಂತ್ರವು ನಾಲ್ಕೇ ಬ್ಯಾಟರಿಗಳಿಂದ ಹತ್ತು ಗಂಟೆಗಳಿಗೂ ಮೀರಿ ನಡೆಯುತ್ತಿತ್ತು. ಗೇಮ್ ಗೇರ್ ಒಂದು ಕೋಟಿಯ ಆಸುಪಾಸು ಮಾರಾಟವಾಯಿತು. ಗೇಮ್ ಬಾಯ್, ಅದರ ಬಣ್ಣದ ಆವೃತ್ತಿಯನ್ನೂ ಕೂಡಿಸಿ, ಸುಮಾರು 11 ಕೋಟಿ 87 ಲಕ್ಷ. ರೈಲಿನಲ್ಲಿ ಕುಳಿತ ಹುಡುಗನಿಗೆ ಮುಂದಿನ ನಿಲ್ದಾಣದವರೆಗೂ ಆಟವು ನಿಲ್ಲದಿರಬೇಕೆಂಬುದನ್ನು ಯೊಕೊಯಿ ಬಲ್ಲವನಾಗಿದ್ದನು.

ಇನ್ನು ಆಹಾರ್ಯವೇ ಸರ್ವಸ್ವವಾದರೆ ಏನಾಗುವುದೆಂಬುದಕ್ಕೆ 1983ರಷ್ಟು ಹಿಂದೆಯೇ ಒಂದು ನಿದರ್ಶನವುಂಟು. ಆ ವರ್ಷ ಅಮೆರಿಕದ ಆಟದಂಗಡಿಗಳಿಗೆ ‘ಡ್ರಾಗನ್ಸ್ ಲೇರ್’ ಎಂಬುದು ಬಂದಿತು. ಡಿಸ್ನಿಯವರ ಚಿತ್ರಶಾಲೆಯಲ್ಲಿ ಪಳಗಿ ಹೊರಬಂದಿದ್ದ ಡಾನ್ ಬ್ಲೂತ್ ಎಂಬ ಪ್ರಸಿದ್ಧ ಚಿತ್ರಕಾರನು ಅದರ ದೃಶ್ಯಗಳನ್ನು ಕೈಯಿಂದ ಬರೆಸಿದ್ದನು. ಸುಮಾರು 22 ನಿಮಿಷಗಳ ಆ ಚಲಿಸುವ ಚಿತ್ರವನ್ನು ಲೇಸರ್ ಫಲಕದಲ್ಲಿ ಅಡಕಮಾಡಿತ್ತು. ಸುತ್ತಲಿನ ಯಂತ್ರಗಳಲ್ಲಿ ಒರಟಾದ ಚೌಕಗಳು ಕುಣಿಯುತ್ತಿದ್ದಾಗ ಇದರಲ್ಲಿ ಕೋಟೆ, ಡ್ರಾಗನ್, ರಾಜಕುಮಾರಿ, ಅವಳನ್ನು ಬಿಡಿಸಲು ಹೊರಟ ಡರ್ಕ್ ಎಂಬ ಯೋಧ, ಎಲ್ಲವೂ ಸಿನಿಮಾದಲ್ಲಿದ್ದಂತೆಯೇ ಕಾಣುತ್ತಿದ್ದುವು. ಉಳಿದ ಆಟಗಳಿಗೆ 25 ಸೆಂಟು ಸಾಕಾದರೆ ಇದಕ್ಕೆ 50 ಸೆಂಟು ಹಾಕಬೇಕಾಗಿತ್ತು. ಜನರು ಸಾಲುಗಟ್ಟಿ ಹಾಕಿದರು. ಆದರೆ ಒಳಗಿನ ಆಟವೇನು? ಚಿತ್ರವು ತನ್ನ ಪಾಡಿಗೆ ಓಡುತ್ತಿರುವಾಗ, ನಿಯತವಾದ ಒಂದು ಕ್ಷಣದಲ್ಲಿ ಸನ್ನೆಗೋಲನ್ನು ನಿಯತವಾದ ದಿಕ್ಕಿಗೆ ನೂಕಬೇಕು, ಇಲ್ಲವೆ ಕತ್ತಿಯ ಗುಂಡಿಯನ್ನು ಒತ್ತಬೇಕು. ಸರಿಯಾದರೆ ಚಿತ್ರವು ಮುಂದುವರಿಯುವುದು. ತಪ್ಪಿದರೆ ಡರ್ಕನ ಸಾವು. ನಡುವೆ ಮತ್ತಾವ ಸ್ವಾತಂತ್ರ್ಯವೂ ಇಲ್ಲ. ಇದು ಗಿಳಿಪಾಠವೊಪ್ಪಿಸುವ ಪರೀಕ್ಷೆಯೇ ಹೊರತು ಆಟವೆನ್ನಿಸದು. ಉತ್ತರವು ಬಾಯಿಪಾಠವಾದ ಮೇಲೆ ಪ್ರಶ್ನೆಪತ್ರಿಕೆಯನ್ನು ಮತ್ತೆ ಬಿಡಿಸುವವರು ಯಾರು?

ಕಾಶ್ಮೀರದ ಆನಂದವರ್ಧನಾಚಾರ್ಯನು ಒಂಬತ್ತನೆಯ ಶತಮಾನದಲ್ಲಿ ಕಾವ್ಯದ ಭೇದಗಳನ್ನು ಹೇಳುವಾಗ ಚಿತ್ರಕಾವ್ಯವೆಂಬ ಒಂದು ವರ್ಗವನ್ನು ಮಾಡಿದ್ದಾನೆ. ಶಬ್ದಾರ್ಥಗಳ ಚಮತ್ಕಾರವಷ್ಟೇ ಇದ್ದು ರಸವನ್ನು ಉದ್ದೇಶಿಸದೆ ಬರೆದದ್ದು ಅದು. ಮುಖ್ಯವಾದ ಕಾವ್ಯವಾಗಿರದೆ ಕಾವ್ಯದ ಅನುಕರಣವಾಗಿರುವುದೆಂದು ಅವನ ಅಭಿಪ್ರಾಯ. ಡ್ರಾಗನ್ಸ್ ಲೇರ್ ಇಂತಹ ಚಿತ್ರಕ್ರೀಡೆ. ಅದರ ಚಿತ್ರಗಳು ಇಂದಿಗೂ ಸುಂದರವಾಗಿಯೇ ಇವೆಯೆಂಬುದನ್ನು ಅಲ್ಲಗಳೆಯುವಂತಿಲ್ಲ. ಚಕ್ರಬಂಧ ಪದ್ಮಬಂಧಗಳನ್ನು ಕಟ್ಟಿದ ಪಂಡಿತರ ಶ್ರಮವನ್ನೂ ಅಲ್ಲಗಳೆಯುವಂತಿಲ್ಲವಷ್ಟೆ.

ಈ ವಂಶವು ಅಲ್ಲಿಗೆ ನಿಲ್ಲಲಿಲ್ಲ. 2015ರ ಫೆಬ್ರವರಿಯಲ್ಲಿ ಸೋನಿಯವರ ಪ್ಲೇಸ್ಟೇಷನ್ 4 ಯಂತ್ರಕ್ಕಾಗಿ ರೆಡಿ ಅಟ್ ಡಾನ್ ಎಂಬ ಸಂಸ್ಥೆಯು ರಚಿಸಿದ ‘ದಿ ಆರ್ಡರ್: 1886’ ಹೊರಬಂದಿತು. ಮಂಜು ಮುಸುಕಿದ ವಿಕ್ಟೋರಿಯಾ ಕಾಲದ ಲಂಡನ್ ನಗರ, ಅಲ್ಲಿ ತೋಳರೂಪಿಗಳೊಡನೆ ಹೋರಾಡುವ ವೀರರು, ಇದು ವಸ್ತು. ಉಡುಪಿನ ನೆಯ್ಗೆಯ ಎಳೆಯೂ ಬಂದೂಕದ ಹಿತ್ತಾಳೆಯ ಮೆರುಗೂ ಕಣ್ಣಿಗೆ ಕಟ್ಟುವಂತಿದ್ದು ಆ ಯಂತ್ರದಲ್ಲಿ ಅದುವರೆಗೆ ಕಂಡ ಚಿತ್ರಗಳನ್ನೆಲ್ಲ ಮೀರಿಸಿದುವೆಂದು ಬಹುಮಂದಿ ಒಪ್ಪಿದರು. ಸಿನಿಮಾದ ಛಾಯೆ ಬರಲೆಂದು ತೆರೆಯ ಮೇಲೂ ಕೆಳಗೂ ಕಪ್ಪು ಪಟ್ಟಿಗಳನ್ನು ಬಿಟ್ಟಿದ್ದರು. ಆದರೆ ಆಡುವವನು ಮತ್ತೆ ಮತ್ತೆ ಕೈಕಟ್ಟಿ ಕುಳಿತು ನೋಡಬೇಕಾಗುತ್ತಿತ್ತು. ಕೈಗೆ ಕೆಲಸ ಬಂದಾಗಲೂ ಅದು ಹತ್ತು ಆಟಗಳಲ್ಲಿ ಮಾಡಿ ಸಾಕಾದ ಅದೇ ಗುಂಡು ಹಾರಿಸುವ ಕೆಲಸ. ಚಿತ್ರವನ್ನು ಹೊಗಳಿದ ವಿಮರ್ಶಕರೇ ಆಟವನ್ನು ತೆಗಳಿದರು. ಇಲ್ಲಿ ತಪ್ಪು ಚಿತ್ರಕಾರರದೆನ್ನಲಾಗದು. ಒಡವೆಯು ಎಷ್ಟೇ ಬೆಲೆಯುಳ್ಳದ್ದಾದರೂ ತೊಡುವ ಅಂಗವಿಲ್ಲದಿದ್ದರೆ ಪೆಟ್ಟಿಗೆಯಲ್ಲಿರಬೇಕಾಗುವುದು.

ಇಷ್ಟನ್ನು ಕೇಳಿ, ಹಳೆಯ ಆಟಗಳೆಲ್ಲ ಚಿನ್ನ, ಹೊಸವೆಲ್ಲ ಹಿತ್ತಾಳೆ, ಎಂಬ ಸುಲಭವಾದ ತೀರ್ಪಿಗೆ ಯಾರೂ ಬರತಕ್ಕದ್ದಲ್ಲ. ಚಿತ್ರವು ಬಡವಾದ ಮಾತ್ರಕ್ಕೆ ಆಟವು ಸಿರಿವಂತವಾಗುವುದಿಲ್ಲ. 1982ರಲ್ಲಿ ಅಟಾರಿಯವರು ಒಂದು ಪ್ರಸಿದ್ಧ ಸಿನಿಮಾದ ಹೆಸರನ್ನು ಹಿಡಿದು ಐದಾರು ವಾರಗಳಲ್ಲಿ ಕಟ್ಟಿಸಿದ ‘ಇ.ಟಿ.’ ಎಂಬ ಆಟದ ಚಿತ್ರಗಳೂ ಒರಟು, ಆಟವೂ ಒರಟು. ಆಡುವವನು ಹಳ್ಳದಿಂದ ಹಳ್ಳಕ್ಕೆ ಬೀಳುತ್ತಲೇ ಇರಬೇಕಾಗಿತ್ತು. ಮಾರಾಟವಾಗದೆ ಉಳಿದ ಪ್ರತಿಗಳನ್ನು ಇತರ ಸರಕಿನೊಡನೆ 1983ರಲ್ಲಿ ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಹೂತರು. 2014ರಲ್ಲಿ ಅಗೆದಾಗ ಅವು ಸಿಕ್ಕಿದುವು. ಇನ್ನೊಂದು ಕಡೆ, ಚಿತ್ರವಿದ್ಯೆಯ ಪ್ರಗತಿಯಿಂದಲೇ ಹೊಸ ಜಾತಿಯ ಆಟಗಳು ಹುಟ್ಟಿದುದೂ ಉಂಟು. 1996ರ ‘ಸೂಪರ್ ಮಾರಿಯೋ 64’ ಮೂರು ಆಯಾಮಗಳ ಚಿತ್ರವಿಲ್ಲದಿದ್ದರೆ ಸಾಧ್ಯವೇ ಇರಲಿಲ್ಲ. ಆದರೆ ಅದರ ಕರ್ತೃಗಳು ಬೆಟ್ಟ ಕೋಟೆಗಳನ್ನು ನಿಲ್ಲಿಸುವ ಮೊದಲು ಬರಿಯ ಬಯಲಿನಂತಹ ಒಂದು ಎಡೆಯಲ್ಲಿ ಮಾರಿಯೋವನ್ನು ಓಡಿಸಿ, ನೆಗೆಸಿ, ಒಂದು ಮೊಲವನ್ನು ಹಿಡಿಯಲು ಅಟ್ಟಿಸಿ, ಬರಿಯ ಓಟವೇ ಸುಖವಾಗಿದೆಯೆಂದು ಕಂಡುಕೊಂಡರು. ಮಕ್ಕಳಿಗೆ ಅಂಗಳವೇ ಸಾಕೆಂಬುದನ್ನು ಅವರು ಮರೆತಿರಲಿಲ್ಲ.

ಆಡುವವರ ದೂರಿನಲ್ಲಿ ಚಿತ್ರ, ಯಂತ್ರಬಲ ಎಂಬೆರಡನ್ನೂ ಒಂದೇ ಹಗ್ಗದಿಂದ ಕಟ್ಟುವುದುಂಟು. ಇದು ವಿವೇಚನೆಯಿಲ್ಲದ ಮಾತು. ಇವೆರಡನ್ನೂ ಬಿಡಿಸಿ ನೋಡಬೇಕು. ತೆರೆಯ ಮೇಲಿನ ಚಲನೆಯೆಂಬುದು ಒಂದಾದಮೇಲೊಂದರಂತೆ ತೋರಿಸಲ್ಪಡುವ ಸ್ಥಿರಚಿತ್ರಗಳ ಸಾಲು. ಸೆಕೆಂಡಿಗೆ 30 ಚಿತ್ರಗಳಾದರೆ ಒಂದೊಂದಕ್ಕೆ ಸುಮಾರು 33 ಮಿಲಿಸೆಕೆಂಡು. 60 ಆದರೆ ಸುಮಾರು 17. ಸಿನಿಮಾ ನೋಡುವವನಿಗೆ 24 ಚಿತ್ರಗಳೇ ಸಾಕು. ಅವನು ಬರಿದೇ ನೋಡುವವನು. ಆಟದಲ್ಲಿ ಹಾಗಲ್ಲ. ಬೆರಳು ಒತ್ತಿದುದರ ಫಲವು ಮುಂದಿನ ಚಿತ್ರ ಬರುವವರೆಗೆ ತೆರೆಯ ಮೇಲೆ ಕಾಣದು. ಚಿತ್ರಗಳ ಸಾಲು ನಿಧಾನವಾದರೆ ಅಥವಾ ಒಂದು ಗಳಿಗೆ ಬೇಗ, ಒಂದು ಗಳಿಗೆ ತಡ ಎಂಬಂತೆ ಕುಂಟಿದರೆ, ಕೈಗೂ ಕಣ್ಣಿಗೂ ನಡುವಿನ ಪ್ರಶ್ನೋತ್ತರವು ಮುರಿಯುವುದು. ಮೃದಂಗಗಾರನು ಪೆಟ್ಟಿನಿಂದ ಪೆಟ್ಟಿಗೆ ಕಾಲವನ್ನು ಬದಲಾಯಿಸುತ್ತ ಹೋದರೆ ಹಾಡುವವನ ಪಾಡೇನಾಗುವುದು? ಆದಕಾರಣ ಗತಿಯೆಂಬುದು ಆಟದ ಲಯ. ಅದನ್ನು ಅಲಂಕಾರದ ಪಟ್ಟಿಯಲ್ಲಿ ಸೇರಿಸುವುದು ತಪ್ಪು. ನಿಜವಾದ ವ್ಯಾಜ್ಯವಿರುವುದು ಚಿತ್ರಕ್ಕೂ ಗತಿಗೂ ನಡುವೆಯೇ. ಯಂತ್ರದ ಬಲವು ಒಂದು ಮಿತಿಯುಳ್ಳದ್ದು. ಅದನ್ನು ಕಲ್ಲಿನ ಪ್ರತಿಬಿಂಬಕ್ಕೆ ಸುರಿದರೆ ಬೆರಳಿನ ಉತ್ತರಕ್ಕೆ ಕಡಮೆಯಾಗುವುದು. ದಿ ಆರ್ಡರ್ ಕಟ್ಟಿದವರು ಸಿನಿಮಾದ ಛಾಯೆಗಾಗಿ 30ರ ಗತಿಯೇ ಲೇಸೆಂದು ವಾದಿಸಿದ್ದರು. ಆಡುವವರ ಮತವೇನೆಂಬುದು ಆಮೇಲೆ ತಿಳಿಯಿತು. ಈಚಿನ ಯಂತ್ರಗಳಲ್ಲಿ ಚಿತ್ರವು ಹೆಚ್ಚು ಬೇಕೋ ಗತಿಯು ಹೆಚ್ಚು ಬೇಕೋ ಎಂದು ಆಡುವವನೇ ಆರಿಸಿಕೊಳ್ಳುವ ಏರ್ಪಾಡು ಅನೇಕ ಆಟಗಳಲ್ಲಿದೆ. 2024ರ ಸೆಪ್ಟೆಂಬರಿನಲ್ಲಿ ಸೋನಿಯ ಯಂತ್ರಶಿಲ್ಪಿ ಮಾರ್ಕ್ ಸೆರ್ನಿ ಎಂಬವರು, ಆರಿಸಿಕೊಳ್ಳಲು ಹೇಳಿದಾಗ ನಾಲ್ಕರಲ್ಲಿ ಮೂರು ಪಾಲು ಆಡುವವರು ಗತಿಯನ್ನೇ ಆರಿಸುವರೆಂದು ಬಹಿರಂಗವಾಗಿ ತಿಳಿಸಿದರು. ಸೋಜಿಗವೆಂದರೆ, ಅದನ್ನು ಹೇಳಿದುದು ಸುಮಾರು 700 ಡಾಲರು ಬೆಲೆಯ, ಇನ್ನೂ ಬಲವಾದ ಒಂದು ಹೊಸ ಯಂತ್ರವನ್ನು ಪರಿಚಯಮಾಡಿಸುವಾಗ!

ಗತಿಯನ್ನು ಕಡೆಗಣಿಸಿದರೆ ಆಗುವ ಅನಾಹುತಕ್ಕೆ ಪೋಲೆಂಡಿನ ‘ಸೈಬರ್‌ಪಂಕ್ 2077’ ಎಂಬುದು ಸಾಕ್ಷಿ. ವರ್ಷಗಳ ಕಾಲ ಅದರ ಚಿತ್ರವೈಭವವನ್ನು ಸಾರಿ, 2020ರ ಡಿಸೆಂಬರ್ 10ರಂದು ಹೊರತಂದಾಗ, ಜನರ ಮನೆಗಳಲ್ಲಿದ್ದ ಹಳೆಯ ಯಂತ್ರಗಳಲ್ಲಿ ಅದು ಎಡವಿ ಎಡವಿ ನಡೆಯಿತು. ಒಂದು ವಾರ ಕಳೆಯುವಷ್ಟರಲ್ಲಿ ಸೋನಿಯವರು ಅದನ್ನು ತಮ್ಮ ಅಂಗಡಿಯಿಂದ ತೆಗೆದುಹಾಕಿದರು. ಮತ್ತೆ ಸೇರಿದ್ದು 2021ರ ಜೂನ್ ತಿಂಗಳಲ್ಲಿ. ಆಮೇಲೆ ಕರ್ತೃಗಳು ಹಠಬಿಡದೆ ತಿದ್ದಿ 2023ರ ಹೊತ್ತಿಗೆ ಅದನ್ನು ಒಳ್ಳೆಯ ಆಟವೆನಿಸಿದುದನ್ನೂ ಹೇಳದಿರುವುದು ನ್ಯಾಯವಲ್ಲ.

ಚಿತ್ರವೂ ಆಟವೂ ಬೇರೆ ಬೇರೆಯೆಂದು ಹೇಳಲಾಗದಷ್ಟು ಒಂದಾಗಿ ಬೆರೆತ ಕೃತಿಗಳು ವಿರಳ. ಅಂತಹ ವಿರಳಗಳಲ್ಲಿ ಒಂದು, 2005ರಲ್ಲಿ ಜಪಾನಿನಲ್ಲಿ ಫುಮಿಟೊ ಉಎದಾ ಎಂಬಾತನ ನಿರ್ದೇಶನದಲ್ಲಿ ಸಿದ್ಧವಾದ ‘ಶ್ಯಾಡೋ ಆಫ್ ದಿ ಕೊಲಾಸಸ್’. ಇದರ ಕಥೆಯು ನಾಲ್ಕು ಮಾತಿನದು. ತರುಣನೊಬ್ಬನು ಸತ್ತ ಕನ್ಯೆಯೊಬ್ಬಳನ್ನು ಬದುಕಿಸಲೆಂದು ನಿಷಿದ್ಧವಾದ ನಾಡಿಗೆ ಬರುವನು. ಅಲ್ಲಿರುವ ಹದಿನಾರು ಮಹಾಕಾಯಗಳನ್ನು ಕೊಂದರೆ ಅವಳು ಬದುಕುವಳೆಂದು ಒಂದು ಅಶರೀರವಾಣಿ ಹೇಳುವುದು. ನಾಡು ಬಟ್ಟಬಯಲು. ದಾರಿಯಲ್ಲಿ ಅಡ್ಡಬರುವ ಸಣ್ಣ ಶತ್ರುಗಳಿಲ್ಲ, ಮಾತಾಡಿಸುವ ಜನರಿಲ್ಲ. ಒಂದು ಕುದುರೆ, ಗಾಳಿ, ಮತ್ತು ಕತ್ತಿಯನ್ನೆತ್ತಿ ಹಿಡಿದಾಗ ದಿಕ್ಕನ್ನು ತೋರುವ ಬಿಸಿಲಿನ ಕಿರಣ. ಮಹಾಕಾಯವು ಎದುರಾದಾಗ ಗುಡ್ಡವೇ ಎದ್ದು ನಡೆದಂತೆ ತೋರುವುದು. ಆಡುವವನು ಅದರ ಕಾಲಿನ ರೋಮಗಳನ್ನು ಹಿಡಿದು ಮೇಲೇರಬೇಕು. ಹಿಡಿದಿರುವಷ್ಟು ಹೊತ್ತೂ ಕೈಯಲ್ಲಿರುವ ಸಾಧನದ ಒಂದು ಗುಂಡಿಯನ್ನು ಒತ್ತಿಯೇ ಇರಬೇಕು. ಮಹಾಕಾಯವು ಮೈಕೊಡವಿದಾಗ ಬೆರಳು ಸಡಿಲಿದರೆ ಬಿದ್ದನೆಂದೇ ಲೆಕ್ಕ. ತೆರೆಯ ಮೇಲಿನ ಮುಷ್ಟಿಯೂ ಕುರ್ಚಿಯಲ್ಲಿ ಕುಳಿತವನ ಮುಷ್ಟಿಯೂ ಇಲ್ಲಿ ಒಂದೇ. ಆ ಗಾತ್ರವು ಕಣ್ಣಿಗೆ ಕಾಣದಿದ್ದರೆ ಏರುವ ಭಯವಿಲ್ಲ. ಏರುವ ಕೆಲಸವಿಲ್ಲದಿದ್ದರೆ ಆ ಗಾತ್ರಕ್ಕೆ ಅರ್ಥವಿಲ್ಲ.

ಇನ್ನೂ ಒಂದು ವಿಶೇಷವುಂಟು. ಕೊನೆಯ ಇರಿತಕ್ಕೆ ಆ ಪ್ರಾಣಿಯು ನೆಲಕ್ಕೊರಗುವಾಗ ಜಯಘೋಷವು ಕೇಳಬರುವುದಿಲ್ಲ. ಶೋಕದ ಸಂಗೀತವು ಕೇಳುವುದು. ತನ್ನ ಪಾಡಿಗೆ ತಾನು ಇದ್ದ ಜೀವವನ್ನು ಕೊಂದವರು ಯಾರು? ನಾಟಕದಲ್ಲಾದರೆ ನಾಯಕನು ಕೊಂದನೆಂದು ಪ್ರೇಕ್ಷಕನು ತಪ್ಪಿಸಿಕೊಳ್ಳಬಹುದು. ಇಲ್ಲಿ ಗುಂಡಿಯನ್ನು ಒತ್ತಿದ ಬೆರಳು ಆಡಿದವನದೇ. ವೀರದಿಂದ ಆರಂಭವಾಗಿ, ಅದ್ಭುತವನ್ನು ಹಾದು, ಕರುಣಕ್ಕೆ ಬಂದು ಮುಟ್ಟುವ ಈ ಪರಿಣಾಮವನ್ನು ಬೇರೆ ಯಾವ ಕಲೆಯೂ ಇದೇ ಬಗೆಯಲ್ಲಿ ಉಂಟುಮಾಡಲಾರದು. ಆ ಕಾಲದ ಪ್ಲೇಸ್ಟೇಷನ್ 2 ಯಂತ್ರಕ್ಕೆ ಇಷ್ಟು ಭಾರವನ್ನು ಹೊರಲು ತ್ರಾಣವಿರಲಿಲ್ಲ. ಗತಿಯು ಅನೇಕ ಎಡೆಗಳಲ್ಲಿ ತಗ್ಗುತ್ತಿತ್ತು. ಮೇಲೆ ಹೇಳಿದ ಲಯದ ನಿಯಮಕ್ಕೆ ಇದು ದೋಷವೇ ಸರಿ. 2018ರಲ್ಲಿ ಬ್ಲೂಪಾಯಿಂಟ್ ಎಂಬ ಸಂಸ್ಥೆಯವರು ಆಟದ ಕಟ್ಟಳೆಯನ್ನು ಕದಲಿಸದೆ ಚಿತ್ರವನ್ನೆಲ್ಲ ಹೊಸದಾಗಿ ಬರೆದು ಗತಿಯನ್ನು ಸರಿಪಡಿಸಿದರು. ಹಳೆಯದನ್ನೂ ಹೊಸದನ್ನೂ ಹೋಲಿಸಿದವರು ಹುಲ್ಲಿನ ಬಣ್ಣದ ವಿಷಯದಲ್ಲಿ ಜಗಳವಾಡುವರೇ ಹೊರತು, ಮಹಾಕಾಯವು ಬಿದ್ದಾಗಿನ ಸಂಕಟದ ವಿಷಯದಲ್ಲಿ ಜಗಳವಾಡುವುದಿಲ್ಲ.

ಹೀಗಿದ್ದರೂ ನಿರ್ಮಾತೃಗಳು ಚಿತ್ರದ ಬೆನ್ನು ಬೀಳುವುದೇತಕ್ಕೆ? ಅವರು ಮೂಢರಲ್ಲ. ಚಿತ್ರವನ್ನು ಜಾಹೀರಾತಿನಲ್ಲಿ ತೋರಿಸಬಹುದು. ಆಟದ ಸುಖವನ್ನು ತೋರಿಸಲಾಗದು, ಅದನ್ನು ಆಡಿಯೇ ತಿಳಿಯಬೇಕು. ಕೊಳ್ಳುವವನು ಕೈಗಿಂತ ಮೊದಲು ಕಣ್ಣಿನಿಂದ ಕೊಳ್ಳುವನು. 2012ರಲ್ಲಿ ಮೊದಲು ತೋರಿಸಲ್ಪಟ್ಟ ‘ವಾಚ್ ಡಾಗ್ಸ್’ ಎಂಬ ಆಟವು 2014ರಲ್ಲಿ ಕೈಗೆ ಬಂದಾಗ ಜನರು ಎಬ್ಬಿಸಿದ ದೊಡ್ಡ ಗದ್ದಲವು ಚಿತ್ರವು ಮೊದಲು ತೋರಿಸಿದಷ್ಟು ಹೊಳೆಯುತ್ತಿಲ್ಲವೆಂಬುದಾಗಿತ್ತು. ಚಿತ್ರವೇ ಹೆಚ್ಚಾಯಿತೆಂದು ಗೊಣಗುವವರೂ, ಚಿತ್ರವು ಕಡಮೆಯಾಯಿತೆಂದು ಕೂಗುವವರೂ ಬಹುಮಟ್ಟಿಗೆ ಒಂದೇ ಸಂತೆಯ ಗಿರಾಕಿಗಳು.

ಈ ಕಣ್ಣಿನ ವ್ಯಾಪಾರಕ್ಕೆ ತೆರಬೇಕಾದ ಬೆಲೆ ಮಾತ್ರ ಭಯಂಕರವಾಗಿದೆ. 2023ರ ಜೂನ್ ತಿಂಗಳಲ್ಲಿ ಅಮೆರಿಕದ ನ್ಯಾಯಾಲಯವೊಂದರ ಮುಂದೆ ಬಂದ ಕಾಗದಪತ್ರಗಳಿಂದ, ‘ದಿ ಲಾಸ್ಟ್ ಆಫ್ ಅಸ್’ ಎಂಬ ಆಟದ ಎರಡನೆಯ ಭಾಗಕ್ಕೆ ಸುಮಾರು 22 ಕೋಟಿ ಡಾಲರುಗಳೂ, ‘ಹೊರೈಜನ್ ಫರ್ಬಿಡನ್ ವೆಸ್ಟ್’ ಎಂಬುದಕ್ಕೆ ಸುಮಾರು 21 ಕೋಟಿ 20 ಲಕ್ಷ ಡಾಲರುಗಳೂ ವೆಚ್ಚವಾದುದು ಹೊರಬಿದ್ದಿತು. ಇಷ್ಟು ಹಣವನ್ನು ಪಣಕ್ಕೊಡ್ಡಿದವನು ಆಟದ ಕಟ್ಟಳೆಯಲ್ಲಿ ಸಾಹಸವನ್ನು ಮಾಡಲು ಅಂಜುವುದು ಸಹಜ. ಹಿಂದೆ ಗೆದ್ದದ್ದನ್ನೇ ಮತ್ತೆ ಇಡುವನು. ಹೊಸತನವನ್ನು ಎಲ್ಲಿ ತೋರಿಸಲಿ ಎಂದರೆ ಚಿತ್ರದಲ್ಲಿ ತೋರಿಸುವನು. ಹೀಗೆ ಚಿತ್ರವು ಆಟವನ್ನು ಕೆಡಿಸುವುದು ತನ್ನ ಸೌಂದರ್ಯದಿಂದಲ್ಲ, ತನ್ನ ಖರ್ಚಿನಿಂದ. ಒಂದು ಆಟವು ಸೋತರೆ ನೂರಾರು ಮಂದಿಯ ಅನ್ನಕ್ಕೆ ಸಂಚಕಾರ ಬರುವುದು. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಆಟದ ವಿಭಾಗದಿಂದ 1,900 ಮಂದಿಯನ್ನೂ, ಮರುತಿಂಗಳು ಸೋನಿ ಸುಮಾರು 900 ಮಂದಿಯನ್ನೂ ಕೆಲಸದಿಂದ ಬಿಡಿಸಿದುವು. ಕಾರಣಗಳು ಹಲವಿರಬಹುದು, ಏರಿದ ವೆಚ್ಚವೂ ಅವುಗಳಲ್ಲೊಂದೆಂದು ಆ ವೃತ್ತಿಯವರೇ ಹೇಳುವರು. ಲಂಡನ್ನಿನ ಮಂಜನ್ನು ಅಷ್ಟು ಅಂದವಾಗಿ ಬರೆದ ರೆಡಿ ಅಟ್ ಡಾನ್ ಸಂಸ್ಥೆಯು ಅದೇ ವರ್ಷದ ಆಗಸ್ಟಿನಲ್ಲಿ ಬಾಗಿಲು ಮುಚ್ಚಿತು. ಆ 2024ರಲ್ಲಿಯೇ, ಕೆನಡದ ಒಬ್ಬನೇ ಒಬ್ಬ ವ್ಯಕ್ತಿ, ತನ್ನ ನಿಜನಾಮವನ್ನೂ ಹೇಳದೆ, ಇಸ್ಪೀಟಿನ ಎಲೆಗಳನ್ನಿಟ್ಟುಕೊಂಡು ರಚಿಸಿದ ‘ಬಲಾಟ್ರೊ’ ಎಂಬ ಆಟದ ಪ್ರತಿಗಳು ಒಂದು ವರ್ಷದೊಳಗೆ 50 ಲಕ್ಷ ಮಾರಾಟವಾದುವು.

ಈ ವಿಷಯವು ಕನ್ನಡನಾಡಿಗೆ ದೂರದ್ದೆಂದು ತಿಳಿಯಬಾರದು. ವಿದೇಶದ ಆಟಗಳಿಗೆ ಬೇಕಾದ ಕಾರು, ಕಟ್ಟಡ, ಮರಗಿಡಗಳ ಚಿತ್ರಗಳನ್ನು ಮಾಡಿಕೊಡುವ ಕೆಲಸವು ಬೆಂಗಳೂರಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ರಾಜೇಶ್ ರಾವ್ ಅವರು 1997ರಲ್ಲಿ ಅಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ಈ ಕೆಲಸದಲ್ಲಿ ಹೆಸರಾಗಿ, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆಯ ವಶವಾಯಿತು. ಅಲ್ಲಿನ ತರುಣರ ಕೈಚಳಕಕ್ಕೆ ಯಾರೂ ತಲೆದೂಗಬೇಕು. ಆದರೆ ಈ ಬಗೆಯ ಕೆಲಸದಲ್ಲಿ ಆಹಾರ್ಯವು ಇಲ್ಲಿ ಸಿದ್ಧವಾಗುವುದು, ಆಟದ ಕಟ್ಟಳೆಯನ್ನು ಯೋಚಿಸುವವರು ಮತ್ತೆಲ್ಲಿಯೋ ಇರುವರು. ಕಿರೀಟವನ್ನು ಕೆತ್ತಿದವನು ಪ್ರಸಂಗವನ್ನೇ ನೋಡದಂತೆ ಇದು.

ಆ ಕೊರತೆಯ ನೆರಳನ್ನು ಭಾರತದಲ್ಲಿಯೇ ರಚಿತವಾದ ಒಂದು ಕೃತಿಯಲ್ಲಿ ಕಾಣಬಹುದಾಗಿದೆ. 2020ರಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಎಂಬ ಚಿಕ್ಕ ತಂಡದವರು ‘ರಾಜಿ’ ಎಂಬ ಆಟವನ್ನು ಹೊರತಂದರು. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕುತ್ತ ಹೊರಟ ಬಾಲೆಯ ಕಥೆ. ಪಹಾಡಿ ಚಿತ್ರಗಳ ಬಣ್ಣ, ರಾಜಸ್ಥಾನದ ಕೋಟೆಗಳ ಕಂಬ ಕಮಾನುಗಳು, ನಡುನಡುವೆ ತೊಗಲುಗೊಂಬೆಯ ನೆರಳಿನಲ್ಲಿ ಕಥೆಯ ನಿರೂಪಣೆ, ಇವು ಕಣ್ಣನ್ನು ತಣಿಸುವುವು. ಪರದೇಶದ ಕೋಟೆಗಳನ್ನೇ ನೋಡಿ ಬೇಸತ್ತವರಿಗೆ ಮನೆಯಂಗಳಕ್ಕೆ ಬಂದಂತಾಗುವುದು. ಆದರೆ ಕಾಳಗವು ಬಂದಾಗ ರಾಜಿಯ ಕೈಗಳು ಒಂದೇ ಬಗೆಯ ವರಸೆಗಳನ್ನು ತಿರುತಿರುಗಿ ಹಾಕುವುವು. ಬೆರಳು ಒತ್ತಿದ್ದಕ್ಕೂ ಅವಳು ತಿರುಗಿದ್ದಕ್ಕೂ ನಡುವೆ ಹೊಂದಿಕೆ ಸಾಲದು. ಕಥೆಯೂ ಇನ್ನೇನು ಬೆಳೆಯುವುದೆನ್ನುವಾಗ ಥಟ್ಟನೆ ನಿಲ್ಲುವುದು. ಕಡಮೆ ಹಣದಲ್ಲಿ ಕೆಲವೇ ಮಂದಿ ಕಟ್ಟಿದ ಆಟವೆಂಬುದನ್ನು ನೆನೆದರೆ ಇದನ್ನು ಕಠಿನವಾಗಿ ಆಡಬೇಕಾದುದಿಲ್ಲ. ಆ ಬಾಲೆಗೆ ಬೇಕಾಗಿರುವುದು ಇನ್ನಷ್ಟು ಒಡವೆಗಳಲ್ಲ. ಮಾರಿಯೋವನ್ನು ಓಡಿಸಿದಂತೆ ಅವಳನ್ನೂ ಮೊದಲು ಬರಿಯ ಬಯಲಿನಲ್ಲಿ ಕೆಲವು ತಿಂಗಳು ಓಡಿಸಿ, ತ್ರಿಶೂಲವನ್ನು ಕೈಗೆ ಕೊಟ್ಟು ಬೀಸಿಸಿ, ಬೀಸುವುದೇ ಸುಖವೆಂದು ತೋರುವವರೆಗೆ ಕೋಟೆಯ ಕೆಲಸಕ್ಕೆ ಕೈಹಾಕದೆ ಕಾದಿದ್ದರೆ, ಆ ಕಂಬ ಕಮಾನುಗಳ ನಡುವೆ ಅವಳ ಹೆಜ್ಜೆಗೆ ಈಗಿಲ್ಲದ ಒಂದು ಧೈರ್ಯವು ಬರುತ್ತಿತ್ತು.